ಒಳಕೋಣೆಯ ಮಡಕೆ

“ಗುರುಗಳೇ, ನಾನು ಬರೆದ ಫಂಕ್ಷನ್‌ಗಳನ್ನು ಯಾರಿಂದ ಮುಚ್ಚಿಡಬೇಕು? ಎಲ್ಲವನ್ನೂ ಹೊರಗಿನವರು ನೋಡಿ ಬಳಸುವ ಪಟ್ಟಿಯಾದ ಹೆಡರ್ ಫೈಲಿನಲ್ಲಿ ಘೋಷಿಸಿಬಿಟ್ಟಿದ್ದೇನೆ. ಬೇಕಾದವರು ಬಳಸಿಕೊಳ್ಳಲಿ. ಸ್ಟ್ಯಾಟಿಕ್ ಎಂದು ಬರೆದು ಒಂದೇ ಫೈಲಿನೊಳಗೆ ಕೂಡಿಹಾಕುವುದು ಜಿಪುಣತನವಲ್ಲವೇ?” ಎಂದು ಕಂಪ್ಯೂಟರಿನ ಸಿ ಭಾಷೆ ಕಲಿಯುತ್ತಿದ್ದ ಚಂಪಕಾ ಕೇಳಿದಳು.

ರುದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ತಾನು ಕೊಡುವ ಮದ್ದುಗಳ ಹೆಸರನ್ನು ಜಗಲಿಯ ಹಲಗೆಯ ಮೇಲೆ ಬರೆಸಿದ್ದ. ಬಂದವರು ಹಲಗೆ ನೋಡಿ ಕೇಳಬೇಕು, ಅವನು ಒಳಗಿನಿಂದ ತಂದು ಕೊಡಬೇಕು. ಒಳಕೋಣೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲಿದ್ದದ್ದೆಲ್ಲ ಅರೆಬರೆ ಮದ್ದು. ಒಂದು ಮಡಕೆಯಲ್ಲಿ ವಿಷದ ಬೇರಿನ ಪುಡಿಯಿತ್ತು. ಬೇರನ್ನು ಗೋಮೂತ್ರದಲ್ಲಿ ನೆನೆಸಿ ವಿಷ ಕಳೆದು, ಒಣಗಿಸಿ, ಕುಟ್ಟಿ ಅದಕ್ಕೆ ತುಂಬುತ್ತಿದ್ದ. ಮಂಡಿನೋವಿನ ಗುಳಿಗೆಗೆ ಅದು ಬೇಕು.

ವೈದ್ಯನ ಶಿಷ್ಯ ಮಹಾ ಉದಾರಿ. ಗುರು ಕಾಡಿಗೆ ಹೋದಾಗಲೆಲ್ಲ ಒಳಕೋಣೆಯ ಬಾಗಿಲು ತೆರೆದಿಡುತ್ತಿದ್ದ. ಒಬ್ಬ ನೇಕಾರನಿಗೆ ಗುಳಿಗೆಗಿಂತ ಆ ಪುಡಿಯೇ ಹಿಡಿಸಿತು. ಚಿಟಿಕೆಯಷ್ಟನ್ನು ಜೇನಿನಲ್ಲಿ ಕಲಸಿ ನೆಕ್ಕುತ್ತಿದ್ದ. ನೋವು ಹೋಯಿತು. ಮಗ್ಗದ ಕುಳಿಗೆ ಇಳಿಯುವುದು ಸಲೀಸಾಯಿತು.

ಒಂದು ಮಳೆಗಾಲ ನೆನೆಸಿದ ಬೇರು ಒಣಗದೆ ಬೂಸಲು ಹಿಡಿಯತೊಡಗಿತು. ಶಿಷ್ಯ ಆಗ ಊರಿಗೆ ಹೋಗಿದ್ದ. ವೈದ್ಯ ಕ್ರಮವನ್ನೇ ತಿರುಗಿಸಿದ. ಬೇರನ್ನು ಮೊದಲೇ ಕುಟ್ಟಿ ಮಡಕೆಗೆ ತುಂಬಿದ. ಗುಳಿಗೆ ಕಟ್ಟುವಾಗ ಬೇಕಾದಷ್ಟನ್ನೇ ತೆಗೆದು ನೆನೆಸಿ ವಿಷ ಕಳೆದ. ಗುಳಿಗೆ ಎಂದಿನಂತೆಯೇ ಆಯಿತು. ಹಲಗೆಯಲ್ಲಿ ಒಂದಕ್ಷರವನ್ನೂ ತಿದ್ದಬೇಕಿರಲಿಲ್ಲ. ಯಾರಿಗಾದರೂ ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ಶಿಷ್ಯ ಮರಳಿ ಬಂದ. ಗುರು ಕಾಡಿಗೆ ಹೋದ ದಿನ ಎಂದಿನಂತೆ ಬಾಗಿಲು ತೆರೆದ. ನೇಕಾರ ಬಂದು ಅದೇ ಮಡಕೆಗೆ ಕೈಹಾಕಿದ. ಸಂಜೆಯ ಹೊತ್ತಿಗೆ ಅವನ ಹೆಂಡತಿ ಎದೆ ಬಡಿದುಕೊಳ್ಳುತ್ತಿದ್ದಳು.

ವೈದ್ಯ ಬಂದು ಹೆಣದ ಮುಂದೆ ಕುಳಿತ. ಅವನ ಕೈಯ ಮದ್ದಿನಿಂದ ಅದುವರೆಗೆ ಯಾರೂ ಸತ್ತಿರಲಿಲ್ಲ. ದುಃಖಕ್ಕಿಂತ ನಾಚಿಕೆಯೇ ಅವನನ್ನು ಹೆಚ್ಚು ಸುಟ್ಟಿತು.

“ಕ್ರಮ ಬದಲಿಸಿದ್ದನ್ನು ನನಗೊಂದು ಮಾತು ಹೇಳಬಾರದಿತ್ತೇ, ಗುರುಗಳೇ?” ಎಂದು ಶಿಷ್ಯ ಅತ್ತ.

“ಆ ಮಡಕೆಯನ್ನು ನಂಬಿಕೊಂಡು ಒಬ್ಬ ಬದುಕುತ್ತಿದ್ದಾನೆಂದು ನನಗೆ ಯಾರು ಹೇಳಿದ್ದರಪ್ಪ?” ಎಂದ ವೈದ್ಯ.

ಮೇಷ್ಟ್ರು ಕತೆ ನಿಲ್ಲಿಸಿದರು. ಚಂಪಕಾಳಿಗೆ ಸಮಾಧಾನವಾಗಲಿಲ್ಲ. “ತಪ್ಪು ನೇಕಾರನದೂ ಅಲ್ಲವೇ? ಹಲಗೆಯ ಮೇಲಿಲ್ಲದ್ದನ್ನು ಅವನೇಕೆ ಮುಟ್ಟಬೇಕಿತ್ತು?” ಎಂದಳು.

ಮೇಷ್ಟ್ರು ಅವಳನ್ನೇ ನೋಡಿ ಮೆಲ್ಲಗೆ ಹೇಳಿದರು: “ನೀನು ಅದನ್ನೂ ಹಲಗೆಯ ಮೇಲೆ ಬರೆದಿದ್ದೀಯಲ್ಲ, ತಾಯಿ.”