ಮೊಸಳೆಯವ್ವನ ಟೊಳ್ಳು ಹಲ್ಲು

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಕಲ್ಲುಗಳು ಕಲಸಿಟ್ಟ ರಾಗಿ ಹಿಟ್ಟಿನಂತೆ ಮೆತ್ತಗಿದ್ದವು. ಆನೆ ಒರಗಿ ನಿಂತರೆ ಬೆಟ್ಟದ ಮೈಮೇಲೆ ಆನೆಯ ಅಚ್ಚು ಮೂಡುತ್ತಿತ್ತು. ಹೊಳೆಯಮ್ಮನಿಗೂ ತನ್ನ ದಾರಿ ಯಾವುದೆಂದು ಗೊತ್ತಿರಲಿಲ್ಲ. ಇವತ್ತು ಈ ಕಡೆ, ನಾಳೆ ಆ ಕಡೆ, ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹರಿಯುತ್ತಿದ್ದಳು.

ಆ ಹೊಳೆಯಲ್ಲಿ ಮೊಸಳೆಯವ್ವ ಇದ್ದಳು. ನೋಡಲು ಒರಟು, ಆದರೆ ಬಲು ಸಂಕೋಚದವಳು. ನಾಲ್ಕು ಜನ ಸೇರಿದ ಕಡೆ ಮೂಗಿನ ತುದಿಯಷ್ಟೇ ನೀರಿನ ಮೇಲಿಟ್ಟು ಸುಮ್ಮನಿರುತ್ತಿದ್ದಳು.

ಅವಳಿಗೊಂದು ಗುಟ್ಟಿತ್ತು. ಅವಳ ಹಲ್ಲು ಬೀಳುತ್ತಿದ್ದವು. ಒಂದು ಬಿದ್ದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ಸ್ವಲ್ಪ ದಿನಕ್ಕೆ ಅದೂ ಬೀಳುತ್ತಿತ್ತು. ಮೊಟ್ಟೆ ಇಡುವ ವಯಸ್ಸಾದರೂ ಇವಳಿಗೆ ಹಾಲುಹಲ್ಲು ಬೀಳುತ್ತದಂತೆ ಎಂದು ನಾಳೆ ನೀರುನಾಯಿಗಳು ನಕ್ಕರೆ? ಅದಕ್ಕೇ ಅವಳು ಬಿದ್ದ ಹಲ್ಲನ್ನು ಯಾರಿಗೂ ಕಾಣದಂತೆ ಹೊಳೆಯ ಕೆಸರಿನಲ್ಲಿ ಹುದುಗಿಸಿ, ಗದ್ದದಿಂದ ಒತ್ತಿ, ಏನೂ ಆಗದವಳ ಹಾಗೆ ಈಜಿಕೊಂಡು ಹೋಗುತ್ತಿದ್ದಳು.

ಒಂದು ಬೇಸಿಗೆ ಮೊಸಳೆಯವ್ವ ಮರಳದಿಣ್ಣೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟಳು. ಮುಂಗಾರಿನ ಮೊದಲ ಗಾಳಿ ಬೀಸಿದ ದಿನ ಮರಳಿನೊಳಗಿಂದ ಕುಂಯ್ ಕುಂಯ್ ಎಂದು ಸದ್ದು ಕೇಳಿತು. ಮಕ್ಕಳು ಕರೆಯುತ್ತಿದ್ದವು. ಅವಳು ಗಡಿಬಿಡಿಯಿಂದ ಮರಳು ಬಗೆದಳು. ಒಂದು ಮೊಟ್ಟೆ ಒಡೆಯಲೊಲ್ಲದು. ಅದನ್ನು ಬಾಯಲ್ಲಿಟ್ಟುಕೊಂಡು, ನಾಲಿಗೆಗೂ ಅಂಗುಳಕ್ಕೂ ನಡುವೆ ಮೆಲ್ಲಗೆ ಉರುಳಿಸಿ ಒಡೆದಳು. ಅಷ್ಟರಲ್ಲಿ ಅಲ್ಲಾಡುತ್ತಿದ್ದ ಹಲ್ಲೊಂದು ಟಪ್ಪೆಂದು ಮರಳಿಗೆ ಬಿತ್ತು.

ಹುದುಗಿಸಲು ಹೊತ್ತಿರಲಿಲ್ಲ. ಆಕಾಶದಲ್ಲಿ ಹದ್ದು ಸುತ್ತುತ್ತಿತ್ತು. ಅವಳು ಮಕ್ಕಳನ್ನೆಲ್ಲ ಬಾಯೊಳಗೆ ತುಂಬಿಕೊಂಡು, ಬಾಯಿ ಮುಚ್ಚಿ, ನೀರಿನ ಕಡೆ ಹೊರಟಳು.

ಮೊಟ್ಟೆಯ ಆಸೆಗೆ ಉಡ ಬಂದ. ಗುಂಡಿಯಲ್ಲಿ ಬರೀ ಚಿಪ್ಪು, ಪಕ್ಕದಲ್ಲಿ ಒಂದು ಹಲ್ಲು. ಹೊಟ್ಟೆಗೆ ಸಿಗದ ಸಂಕಟವೆಲ್ಲ ಅವನ ಗಂಟಲಿಗೆ ಬಂತು. ಹೆತ್ತವಳೇ ಮಕ್ಕಳನ್ನು ತಿಂದಳು ಎಂದು ಊರೆಲ್ಲ ಕೇಳುವ ಹಾಗೆ ಕೂಗಿದ. ಗಾಳಿ ಆ ಮಾತನ್ನು ಹೊತ್ತು ಕಾಡಿಗೂ ಹಟ್ಟಿಗೂ ಹಂಚಿತು. ಗಾಳಿಗೆ ಆಗಲೂ ಅದೇ ಕೆಲಸ.

ಹುಲಿ ಬಂತು. ನೀರುನಾಯಿ ಬಂತು. ಹದ್ದು ಬಂದು ಕೊಂಬೆಯ ಮೇಲೆ ಕೂತಿತು. ಎಲ್ಲರೂ ಮೊಸಳೆಯವ್ವನಿಗೆ ಅಡ್ಡ ನಿಂತರು. ನೀರು ಅವಳಿಂದ ನಾಲ್ಕು ಮಾರು ದೂರದಲ್ಲಿತ್ತು, ಅಷ್ಟೇ. ಉಡ ಆ ಹಲ್ಲನ್ನು ತಂದು, ಮಕ್ಕಳನ್ನು ಕಚ್ಚುವಾಗ ಮುರಿದದ್ದು ಎಂದು ಎಲ್ಲರ ಮುಂದೆ ಮರಳಿನ ಮೇಲಿಟ್ಟ.

ಹೊಸ ಲೋಕದಲ್ಲಿ ಒಂದು ಕಟ್ಟಳೆಯಿತ್ತು. ಹೆತ್ತ ಮಕ್ಕಳನ್ನು ತಿಂದವರಿಗೆ ಹೊಳೆಯ ನೀರಿಲ್ಲ.

"ಇದು ಯಾರ ಹಲ್ಲು?" ಹೊಳೆಯಮ್ಮ ಕೇಳಿದಳು.

ಹುಲಿ ಮೂಸಿ ನೋಡಿ, ತನ್ನ ಹಲ್ಲಿಗೆ ಗೆಣಸಿನಷ್ಟು ಉದ್ದದ ಬೇರಿದೆ, ಇದಕ್ಕೆ ಬೇರೇ ಇಲ್ಲ ಎಂದಿತು. ನೀರುನಾಯಿ, ಇಷ್ಟು ದೊಡ್ಡ ಹಲ್ಲಿದ್ದರೆ ನನಗೆ ಬಾಯಿ ಮುಚ್ಚೋಕಾಗುತ್ತಾ ಎಂದು ನಕ್ಕಿತು. ಉಡ ತನ್ನ ಗರಗಸದಂಥ ಚಿಕ್ಕ ಹಲ್ಲುಗಳನ್ನು ತೋರಿಸಿದ. ಮರಳಿನ ಮೇಲಿನ ಹಲ್ಲು ದುಂಡಗೆ, ದಪ್ಪಗೆ, ಮೇಲಿಂದ ಕೆಳಗೆ ಸಣ್ಣ ಗೀರು ಎಳೆದಂತೆ ಇತ್ತು. ಮೊಸಳೆಯದೇ, ಅನುಮಾನವಿಲ್ಲ.

ಹೊಳೆಯಮ್ಮ ಅವಳ ಕಡೆ ತಿರುಗಿ, ಮಕ್ಕಳೆಲ್ಲಿ ಎಂದು ಕೇಳಿದಳು.

ಮೊಸಳೆಯವ್ವ ಬಾಯಿ ತೆರೆಯಲಿಲ್ಲ. ತೆರೆದರೆ ಮಕ್ಕಳು ಹೊರಗೆ ಉದುರುತ್ತಿದ್ದವು. ಒಂದು ಕಡೆ ಉಡ, ಒಂದು ಕಡೆ ಹುಲಿ, ಮೇಲೆ ಹದ್ದು.

ಹೊಳೆಯಮ್ಮ ಮತ್ತೆ ಕೇಳಿದಳು. ಮೊಸಳೆಯವ್ವ ಬಾಯಿ ತೆರೆಯಲಿಲ್ಲ. ನಾಲಿಗೆಯ ಮೇಲೆ ಮಕ್ಕಳು ಮಿಸುಕಾಡುತ್ತಿದ್ದವು.

ತಪ್ಪು ಮಾಡದವರು ಸುಮ್ಮನಿರುತ್ತಾರಾ ಎಂದ ಉಡ. ಎಲ್ಲರೂ ಹೌದೆಂದು ತಲೆ ಅಲ್ಲಾಡಿಸಿದರು. ಹೊತ್ತು ಮುಳುಗುವುದರೊಳಗೆ ಹೊಳೆ ಬಿಟ್ಟು ಹೋಗಬೇಕೆಂದು ಹೊಳೆಯಮ್ಮ ಹೇಳಿಬಿಟ್ಟಳು. ಮೊಸಳೆಯವ್ವ ನೀರಿಗೆ ಬೆನ್ನು ಮಾಡಿ, ಒಣ ದಿಬ್ಬದ ಕಡೆ ಒಂದೊಂದೇ ಹೆಜ್ಜೆ ಇಟ್ಟಳು. ನೀರಿಲ್ಲದೆ ಈ ಎಳೆ ಮಕ್ಕಳು ಎಷ್ಟು ಹೊತ್ತು ಬದುಕಿಯಾವು?

ಆಗ ಗಾಳಿಯ ಸುದ್ದಿ ಕೇಳಿ ಹಟ್ಟಿಯಿಂದ ಮುದ್ದಜ್ಜಿ ಬಂದಳು, ಬಾಯ್ತುಂಬ ಎಲೆಯಡಿಕೆ. ಜೊತೆಗೆ ಮೊಮ್ಮಗಳು ಕೆಂಪಿ. ಕೆಂಪಿಗೆ ಬೆಳಗ್ಗೆಯಷ್ಟೇ ಮುಂದಿನ ಹಲ್ಲು ಬಿದ್ದಿತ್ತು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯಬೇಕು, ಆಗ ಹೊಸ ಹಲ್ಲು ಬರುತ್ತದೆ. ಎಸೆಯಲು ಹೊರಟವಳು ಹಾಗೇ ಅಜ್ಜಿಯ ಹಿಂದೆ ಓಡಿ ಬಂದಿದ್ದಳು. ಒಂದು ಕೈಯಲ್ಲಿ ಸಗಣಿ ಉಂಡೆ, ಒಂದು ಕೈಯಲ್ಲಿ ಹಲ್ಲು.

ಕೆಂಪಿ ಮರಳಿನ ಮೇಲಿದ್ದ ದೊಡ್ಡ ಹಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅದನ್ನು ಉರುಳಿಸಿ ಬುಡ ನೋಡಿದಳು. ತನ್ನ ಹಲ್ಲಿನ ಬುಡ ನೋಡಿದಳು.

"ಅಜ್ಜಿ, ಇದೂ ನನ್ನ ಹಲ್ಲಿನ ಥರಾನೇ ಐತೆ. ಕೆಳಗೆ ಟೊಳ್ಳು."

ಮುದ್ದಜ್ಜಿ ಎಲೆಯಡಿಕೆಯನ್ನು ದವಡೆಗೆ ಸರಿಸಿ ಬಗ್ಗಿ ನೋಡಿದಳು. ತುದಿ ಮುಕ್ಕಾಗಿರಲಿಲ್ಲ. ಬುಡ ಪುಟ್ಟ ಬಟ್ಟಲಿನಂತಿತ್ತು. ಕಚ್ಚಿ ಮುರಿದ ಹಲ್ಲಲ್ಲ ಇದು, ಕೆಳಗಿನಿಂದ ಹೊಸದು ತಳ್ಳಿದ್ದಕ್ಕೆ ತಾನಾಗಿ ಉದುರಿದ್ದು ಎಂದಳು.

ಉಡ ಬಿಡಲಿಲ್ಲ. ಹಾಗಾದರೆ ಅವಳು ಯಾಕೆ ಮಾತಾಡಲ್ಲ ಎಂದು ಕೇಳಿದ.

"ಅಲ್ಲ ಕಣಪ್ಪಾ, ಬಾಯಲ್ಲಿ ಎಲೆಯಡಿಕೆ ಇದ್ದಾಗ ಸೊಸೆ ಎಷ್ಟು ಬೈದ್ರೂ ನಾನೂ ಹಿಂಗೇ ಸುಮ್ಕಿರ್ತೀನಿ," ಎಂದಳು ಮುದ್ದಜ್ಜಿ. "ಅವಳ ಬಾಯಲ್ಲಿ ಏನೈತೆ ಅಂತ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ.

ಹೊಳೆಯಮ್ಮ ತಟ್ಟನೆ ದಡ ಹತ್ತಿದಳು. ಹುಲಿಯ ಕಾಲು ತೋಯಿಸಿ ಹಿಂದಕ್ಕೆ ಕಳಿಸಿದಳು, ಉಡನನ್ನು ಬಂಡೆಯಾಚೆ ತಳ್ಳಿದಳು. ಹದ್ದನ್ನು ಗಾಳಿ ಓಡಿಸಿತು. ಹೊಳೆಯಮ್ಮ ಮೊಸಳೆಯವ್ವನ ಗದ್ದದ ಕೆಳಗೆ ಬೆಚ್ಚನೆಯ ಪುಟ್ಟ ಮಡುವಾಗಿ ನಿಂತು, "ಈಗ ತೆರಿ ತಾಯಿ," ಎಂದಳು.

ಮೊಸಳೆಯವ್ವ ಬಾಯಿ ತೆರೆದಳು. ಹಲ್ಲುಗಳ ಬೇಲಿಯ ನಡುವಿನಿಂದ ಒಂದು ಮೂತಿ ಇಣುಕಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಇನ್ನೊಂದು. ಪಿಳಿಪಿಳಿ ಕಣ್ಣು ಬಿಡುತ್ತ ಎಲ್ಲವೂ ನೀರಿಗೆ ಜಾರಿದವು. ಕೊನೆಯದು ಮಾತ್ರ ನಾಲಿಗೆ ಬಿಟ್ಟು ಇಳಿಯಲೊಲ್ಲದು. ಕೆಂಪಿಗೆ ನಗು ತಡೆಯಲಾಗಲಿಲ್ಲ.

ಹೊಳೆಯಮ್ಮನಿಗೆ ನಾಚಿಕೆಯಾಗಿತ್ತು. ಏನು ಬೇಕು ಕೇಳು ಎಂದಳು. ಮೊಸಳೆಯವ್ವ ಮೆಲ್ಲಗೆ ಹೇಳಿದಳು:

"ನನ್ನ ಹಲ್ಲು ಕೊಡಿ. ಎಲ್ಲರೂ ನೋಡ್ತಿದ್ದಾರೆ."

ಕೆಂಪಿ, ಅದನ್ನೂ ನಮ್ಮ ಮಾಡಿನ ಮೇಲೆ ಎಸೀತೀನಿ ಎಂದಳು. ದಿನಕ್ಕೊಂದು ಹಲ್ಲು ಬಿದ್ದರೆ ನಮ್ಮ ಮಾಡು ಕುಸಿದೀತು ಎಂದಳು ಅಜ್ಜಿ. ಮೊಸಳೆಯವ್ವನಿಗೂ ನಗು ಬಂತು.

"ನಾನೇ ನಿನ್ನ ಮಾಡು," ಎಂದಳು ಹೊಳೆಯಮ್ಮ. "ನಿನ್ನ ಒಂದೊಂದು ಹಲ್ಲನ್ನೂ ನನ್ನ ಕೆಸರಲ್ಲಿ ಜೋಪಾನವಾಗಿ ಇಟ್ಕೋತೀನಿ. ಇನ್ಯಾರಾದರೂ ಕೇಳಿದರೆ ಅದೇ ಸಾಕ್ಷಿ ಹೇಳಲಿ."

ಕೆಂಪಿ ತನ್ನ ಸಗಣಿ ಉಂಡೆಯಲ್ಲಿ ಅರ್ಧ ಮುರಿದು ಕೊಟ್ಟಳು. ದೊಡ್ಡ ಹಲ್ಲು ಅದರೊಂದಿಗೆ ಕೆಸರಿನೊಳಗೆ ಇಳಿಯಿತು. ಆಮೇಲೆ ಹೊಳೆಯಮ್ಮ ತನ್ನ ದಾರಿ ಕಂಡುಕೊಂಡು ದೂರ ಹರಿದು ಹೋದಳು. ಲೋಕ ಒಣಗಿತು, ಕೆಸರು ಕಲ್ಲಾಯಿತು, ಕೆಸರಿನೊಳಗಿನ ಹಲ್ಲೂ ಕಲ್ಲಾಯಿತು. ಆದರೆ ಅದರ ಬುಡದ ಪುಟ್ಟ ಬಟ್ಟಲು ಹಾಗೇ ಉಳಿಯಿತು.

ಅದಕ್ಕೇ ಮೊಸಳೆಯವ್ವ ಇವತ್ತಿಗೂ ಬಿಸಿಲಲ್ಲಿ ಬಂಡೆಯ ಮೇಲೆ ಮಲಗಿ, ಯಾರೂ ಕೇಳದಿದ್ದರೂ, ನೋಡಿಕೊಳ್ಳಿ ಎನ್ನುವಂತೆ ಬಾಯಿ ತೆರೆದಿಟ್ಟಿರುತ್ತಾಳೆ; ಮತ್ತು ಅದಕ್ಕೇ, ಹೊಳೆಯ ಸುಳಿವೇ ಇಲ್ಲದ ಒಣ ದಿಬ್ಬದಲ್ಲೂ ಕಲ್ಲು ಒಡೆದಾಗ ದುಂಡಗಿನ, ಗೀರುಗೀರಿನ, ಬುಡ ಟೊಳ್ಳಾದ ಹಲ್ಲೊಂದು ಸಿಗುತ್ತದೆ, ನಿನ್ನೆ ಬಿದ್ದ ನಿನ್ನ ಹಾಲುಹಲ್ಲಿನ ಥರಾನೇ.