ದಡಕ್ಕೆ ಹೋದ ಪರದೆ

ಉರಿಮೂತ್ರದ ಕಥೆ ಎಂದರೆ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಆ ಉರಿ ಅನುಭವಿಸಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಲೋಕದಲ್ಲಿ ಇನ್ನೊಂದಿರುವುದಿಲ್ಲ.

ಚೀನಾ ದೇಶದ ಒಂದು ನದಿಯ ದಡದಲ್ಲಿ, ತುಂಬಾ ಹಿಂದೆ, ಕೋ ಯುವಾನ್ ಎಂಬ ವೈದ್ಯರಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಬೆರಳು ನಡುಗಲು ಶುರುವಾದ ಮೇಲೆ ನಾಡಿ ನೋಡುವ ಕೆಲಸವನ್ನು ಶಿಷ್ಯ ರೆನ್ ಷುವಿಗೆ ಬಿಟ್ಟುಕೊಟ್ಟಿದ್ದರು.

ರೆನ್ ಷು ಹನ್ನೆರಡು ವರ್ಷ ಕಲಿತವನು. ನಾಡಿಯ ಇಪ್ಪತ್ತೆಂಟು ಬಗೆಗಳೂ ಅವನಿಗೆ ಗೊತ್ತಿದ್ದವು. ಗೊತ್ತಿವೆ ಎಂಬುದೂ ಚೆನ್ನಾಗಿ ಗೊತ್ತಿತ್ತು.

ಆ ಊರಿನಲ್ಲಿ ಹೆಂಗಸರು ವೈದ್ಯನ ಎದುರು ಕೂರುತ್ತಿರಲಿಲ್ಲ. ನಡುವೆ ಬಿದಿರುಕಡ್ಡಿಯ ಪರದೆ. ಅದರ ಸಂದಿನಿಂದ ಒಂದು ಕೈ ಮಾತ್ರ ಈಚೆ ಬರುತ್ತಿತ್ತು. ನೋವು ಎಲ್ಲಿ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಪರದೆಯಾಚೆಗೆ ಗೇಣುದ್ದದ ಮರದ ಗೊಂಬೆಯನ್ನೂ ಒಂದಿಷ್ಟು ಕೆಂಪು ದಾರವನ್ನೂ ಕೊಡುತ್ತಿದ್ದರು. ನೋವಿರುವ ಜಾಗಕ್ಕೆ ದಾರ ಕಟ್ಟಿ ಗೊಂಬೆಯನ್ನು ಹಿಂದಕ್ಕೆ ಕೊಡಬೇಕು.

ಒಂದು ದಿನ ಗೊಂಬೆ ಹೊಕ್ಕುಳಿನ ಕೆಳಗೆ ದಾರ ಕಟ್ಟಿಸಿಕೊಂಡು ಬಂತು.

ರೆನ್ ಷು ನಾಡಿ ಹಿಡಿದ. ಬಿರುಸಾಗಿತ್ತು. ಹೆಚ್ಚು ಯೋಚಿಸಬೇಕಾದ ರೋಗವೇ ಅಲ್ಲ ಎನಿಸಿತು.

"ಮೂತ್ರಕೋಶಕ್ಕೆ ಉಷ್ಣ ಇಳಿದಿದೆ ತಾಯಿ," ಎಂದ. "ಬಿದಿರೆಲೆ, ದರ್ಭೆಯ ಬೇರು, ಗಾಡಿಜಾಡಿನಲ್ಲಿ ಬೆಳೆಯುವ ಗಿಡದ ಬೀಜ. ದಿನಕ್ಕೆ ಮೂರು ಹೊತ್ತು ಕುದಿಸಿ ಕುಡಿಯಿರಿ. ಮೂತ್ರ ಸಲೀಸಾಗಿ ಹೋಗುತ್ತೆ, ಉಷ್ಣವೂ ಅದರ ಜೊತೆಗೇ ಹೋಗುತ್ತೆ."

"ಆಗಲಿ ಸ್ವಾಮಿ," ಎಂದಿತು ಪರದೆಯಾಚೆಯ ದನಿ.

ಆಕೆ ಮೇಫೆನ್. ಅದೇ ನದಿಯಲ್ಲಿ ದೋಣಿ ನಡೆಸುವವಳು. ಗಂಡ ತೀರಿಕೊಂಡ ಮೇಲೆ ಅವನ ಹುಟ್ಟನ್ನು ತಾನೇ ಹಿಡಿದಿದ್ದಳು.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ದಾರ ಅದೇ ಜಾಗದಲ್ಲಿತ್ತು. ರೆನ್ ಷು ಔಷಧಿಯನ್ನು ಇಮ್ಮಡಿ ಮಾಡಿದ.

ಮೂರನೆಯ ಸಲ ಬಂದಾಗ ಗೊಂಬೆಗೆ ಎರಡು ದಾರಗಳಿದ್ದವು. ಒಂದು ಹೊಕ್ಕುಳಿನ ಕೆಳಗೆ, ಇನ್ನೊಂದು ಸೊಂಟದ ಹಿಂದೆ. ಪರದೆಯಿಂದ ಬಂದ ಕೈ ಕಾದು ಸುಡುತ್ತಿತ್ತು.

ಅವನಿಗೆ ಜೀವ ಝಲ್ಲೆಂದಿತು. ಉಷ್ಣ ಮೇಲಕ್ಕೇರಿ ಮೂತ್ರಪಿಂಡದ ಬಾಗಿಲು ತಟ್ಟುತ್ತಿದೆ ಎಂದು ಅರ್ಥವಾಯಿತು. ಆ ಬಾಗಿಲು ದಾಟಿದರೆ ಉಳಿದವರು ಕಡಿಮೆ.

ಅವಳನ್ನು ಕಳಿಸಿ ಒಳಗೆ ಓಡಿದ. ಗುರುಗಳು ಕಿಟಕಿಯ ಬಳಿ ಕೂತಿದ್ದರು.

"ಗುರುಗಳೇ, ಮೇಫೆನ್ ಉಳಿಯೋದು ಕಷ್ಟ ಅನ್ನಿಸ್ತಿದೆ. ಎರಡು ಪಟ್ಟು ಕೊಟ್ಟೆ, ಜಗ್ಗಲಿಲ್ಲ. ಈಗ ಮೂರು ಪಟ್ಟು ಕೊಡಲೇ?"

ಗುರುಗಳು ಪಕ್ಕದಲ್ಲಿದ್ದ ಚಹಾದ ಹೂಜಿಯನ್ನು ಅವನ ಕೈಗೆ ಕೊಟ್ಟರು.

"ಸ್ವಲ್ಪ ಚಹಾ ಬಗ್ಗಿಸಪ್ಪ."

ಅವನು ಬಗ್ಗಿಸಿದ. "ಇದರಲ್ಲಿ ಏನೂ ಇಲ್ಲ ಗುರುಗಳೇ."

"ಇನ್ನೂ ಬಗ್ಗಿಸು."

"ಖಾಲಿ ಹೂಜಿ ಗುರುಗಳೇ."

"ಮೂರು ಪಟ್ಟು ಬಗ್ಗಿಸಿ ನೋಡು."

ರೆನ್ ಷು ಹೂಜಿಯನ್ನು ಕೆಳಗಿಟ್ಟ. ಮುಖ ಕೆಂಪಾಗಿತ್ತು.

"ಅವಳ ನಾಲಿಗೆ ನೋಡಿದೆಯಾ?" ಎಂದು ಕೇಳಿದರು ಗುರುಗಳು.

"ಪರದೆ ಇತ್ತಲ್ಲ ಗುರುಗಳೇ. ಗೊಂಬೆಯನ್ನು ನೋಡಿದೆ."

"ಗೊಂಬೆ ದೋಣಿ ನಡೆಸುತ್ತಾ?"

ರೆನ್ ಷು ಚಹಾ ಕಾಸಲು ಹೂಜಿ ಎತ್ತಿಕೊಂಡ.

"ನಾಳೆ ಬೆಳಗಿನಿಂದ ಸಂಜೆವರೆಗೆ ಅವಳ ದೋಣಿಯಲ್ಲಿ ಕೂತು ಬಾ. ಹೋಗುವ ಮುಂಚೆ ಮೂರು ಬಟ್ಟಲು ಚಹಾ ಕುಡಿದು ಹೋಗು."

"ಮೂರು ಯಾಕೆ ಗುರುಗಳೇ?"

"ಔಷಧಿ ಕೊಟ್ಟಾಗ ಅವಳು ಯಾಕೆ ಅಂತ ಕೇಳಿದಳಾ?"

ರೆನ್ ಷು ಮೂರು ಬಟ್ಟಲು ಕುಡಿದೇ ಹೋದ.

ದೋಣಿ ಹೋಗುವುದು, ಬರುವುದು. ದಡವೆಲ್ಲ ಉರುಟು ಕಲ್ಲು. ಗೂಟ ನೆಟ್ಟರೆ ನಿಲ್ಲದು, ಸೆಳೆತವೋ ಜೋರು. ಜನ ಇಳಿದು ಹತ್ತುವಷ್ಟು ಹೊತ್ತೂ ಮೇಫೆನ್ ದೋಣಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕಾಲೂರಿ ನಿಲ್ಲಬೇಕಿತ್ತು. ದೋಣಿ ಕಟ್ಟುವ ಮಡು ಅಲ್ಲಿಂದ ಅರ್ಧ ಹರಿದಾರಿ ಕೆಳಗಿತ್ತು. ಅಲ್ಲಿಗೆ ಅವಳು ಹೋಗುತ್ತಿದ್ದುದು ಕೆಲಸ ಮುಗಿದ ಮೇಲೆ.

ಹೊತ್ತೇರುವಷ್ಟರಲ್ಲಿ ಮೂರು ಬಟ್ಟಲು ಚಹಾ ತನ್ನ ಕೆಲಸ ತೋರಿಸಿತು. ರೆನ್ ಷು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ಕೂತ. ಆಮೇಲೆ ಕಾಲು ಬದಲಿಸಿದ. ನಾಡಿಯ ಇಪ್ಪತ್ತೆಂಟು ಬಗೆಗಳನ್ನು ಮನಸ್ಸಿನಲ್ಲೇ ಎಣಿಸಿದ. ಹದಿನಾರಕ್ಕೆ ತಪ್ಪಿಹೋಯಿತು.

ದೋಣಿ ದಡ ಮುಟ್ಟಿದ್ದೇ ತಡ, ಹಾರಿ ಇಳಿದು, ಹಗ್ಗಕ್ಕೆ ಎಟುಕದಷ್ಟು ಮೇಲಿದ್ದ ನೀರವಂಜಿ ಮರದ ಹಿಂದೆ ಓಡಿದ. ದೋಣಿಯಲ್ಲಿದ್ದ ಹೊರೆಯಾಳುಗಳು ಬಿದ್ದು ಬಿದ್ದು ನಕ್ಕರು.

ಹಗುರಾಗಿ ಹಿಂದಕ್ಕೆ ಬಂದು ಕೂತಾಗ ಮೊದಲ ಬಾರಿಗೆ ಮೇಫೆನ್‌ಳ ಮುಖ ನೋಡಿದ. ತುಟಿಗಳು ಒಡೆದಿದ್ದವು. ಅವನ್ನು ಸವರಿಕೊಂಡ ನಾಲಿಗೆಯೂ ಒಣಗಿತ್ತು.

ತನ್ನ ನೀರಿನ ಬುರುಡೆಯನ್ನು ಚಾಚಿದ. "ಕುಡಿಯಿರಿ ತಾಯಿ."

"ಬೇಡ ಸ್ವಾಮಿ. ಕುಡಿದರೆ ಇಳಿಯಬೇಕಾಗುತ್ತೆ. ನಾನು ಇಳಿದರೆ ಹಗ್ಗ ಯಾರು ಹಿಡೀತಾರೆ?"

"ಯಾರಾದರೂ ಹಿಡೀತಾರೆ. ಅಲ್ಲೇ ಮರ ಇದೆಯಲ್ಲ..."

"ಗಂಡಸರಿಗೆ ಮರ ಸಾಕು ಸ್ವಾಮಿ. ನನಗೆ ಕತ್ತಲಾಗಬೇಕು."

ಬೆಳಗಿನಿಂದ ಅವಳು ಒಂದು ಹನಿ ನೀರು ಕುಡಿದಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

"ಹಾಗಾದರೆ ನಾನು ಕೊಟ್ಟ ಕಷಾಯ?"

ಅವಳು ಹುಟ್ಟಿನ ಕಡೆ ನೋಡಿದಳು. "ದೋಣಿ ಕಟ್ಟಿದ ಮೇಲೆ ಒಂದು ಗುಟುಕು ಕುಡೀತೀನಿ. ಹಗಲು ಕುಡಿದರೆ ಇನ್ನೂ ಜಾಸ್ತಿ ಬರುತ್ತಲ್ಲ, ಎಲ್ಲಿ ತಡಕೊಳ್ಳಲಿ? ನೀವು ಬೇಜಾರು ಮಾಡ್ಕೋಬೇಡಿ. ಔಷಧಿ ಒಳ್ಳೇದೇ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಗೊಂಬೆ ಕೊಟ್ರಿ. ನಾನು ದಾರ ಕಟ್ಟಿದೆ."

ಅಷ್ಟರಲ್ಲಿ ಜ್ವರದ ನಡುಕ ಬಂದು ಅವಳು ಹುಟ್ಟಿನ ಮೇಲೆ ಬಾಗಿದಳು. ಆಚೆ ದಡದಿಂದ ಯಾರೋ ಕೂಗಿದರು. ನೆಟ್ಟಗಾಗಿ, ಹುಟ್ಟು ಹಾಕಿದಳು.

ಸಂಜೆ ರೆನ್ ಷು ಗುರುಗಳ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದ.

"ಅವಳಿಗೆ ಮೊದಲೇ ಒಂದು ಕಷ್ಟ ಇತ್ತು ಗುರುಗಳೇ. ನಾನು ಪೊಟ್ಟಣ ಕಟ್ಟಿ ಇನ್ನೊಂದು ಕೊಟ್ಟೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು. ಕೈ ಎಂದಿನಂತೆ ನಡುಗುತ್ತಿತ್ತು.

"ಬರಿ," ಎಂದರು. "ಈಗ ಏನು ಕೊಡ್ತೀಯ, ಬರಿ."

ಅವನು ಬರೆದ. ಮೊದಲಿನ ಮೂಲಿಕೆಗಳೇ, ಅರ್ಧ ಅಳತೆ. ಒಣಗಿದ ಒಡಲನ್ನು ತಂಪು ಮಾಡಲು ಇನ್ನೊಂದು ಗೆಡ್ಡೆ. ಹಗಲಿನಲ್ಲಿ ಆರು ಬಟ್ಟಲು ನೀರು.

ಗುರುಗಳು ಕಾಗದವನ್ನು ಕಣ್ಣಿನ ಹತ್ತಿರ ತಂದು ಓದಿದರು. "ಚೆನ್ನಾಗಿದೆ. ಆದರೆ ಒಂದನ್ನು ಬಿಟ್ಟಿದ್ದೀಯ."

"ಯಾವ ಮೂಲಿಕೆ ಗುರುಗಳೇ?"

"ಹೋಗಿ ಮಲಗು. ದಣಿದಿದ್ದೀಯ."

ಬೆಳಿಗ್ಗೆ ಎದ್ದಾಗ ಗುರುಗಳು ಹಾಸಿಗೆಯಲ್ಲಿರಲಿಲ್ಲ. ಹೊರಗಿನ ಕೋಣೆಗೆ ಬಂದರೆ ಅಲ್ಲಿ ಪರದೆಯೂ ಇರಲಿಲ್ಲ. ಮೇಜಿನ ಮೇಲೆ ಗೊಂಬೆಯೊಂದೇ ಕೂತಿತ್ತು.

ಅವನು ಕಷಾಯ ಕಾಸಿ, ಗಡಿಗೆಯನ್ನು ಎತ್ತಿಕೊಂಡು ನದಿಯ ಕಡೆ ಹೊರಟ. ಮನಸ್ಸಿನಲ್ಲಿ ಏನೇನೋ ಕೆಟ್ಟ ಯೋಚನೆ ಬಂದು ಕಾಲು ತಾನಾಗಿ ಓಡತೊಡಗಿತು.

ದಡದಲ್ಲಿ ಜನ ತುಂಬಿದ ದೋಣಿ ನಿಂತಿತ್ತು. ಮೊಣಕಾಲವರೆಗಿನ ನೀರಿನಲ್ಲಿ ಗುರುಗಳು ನಿಂತಿದ್ದರು. ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಿದ್ದರು. ಸೆಳೆತಕ್ಕೆ ದೋಣಿ ಜಗ್ಗುತ್ತಿತ್ತು, ಅದರ ಜೊತೆ ಅವರೂ ವಾಲುತ್ತಿದ್ದರು.

ನೀರವಂಜಿ ಮರದ ಹಿಂದೆ ನಾಲ್ಕು ಗಳ ನೆಟ್ಟು ಸುತ್ತಲೂ ಪರದೆ ಕಟ್ಟಿತ್ತು.

"ಇನ್ನೆಷ್ಟು ಹೊತ್ತು?" ಎಂದು ದೋಣಿಯಲ್ಲಿದ್ದ ಭತ್ತದ ವ್ಯಾಪಾರಿಯೊಬ್ಬ ಗೊಣಗಿದ.

"ನಿಮ್ಮಮ್ಮ ನಿನಗೋಸ್ಕರ ಒಂಬತ್ತು ತಿಂಗಳು ಕಾದಳು," ಎಂದರು ಗುರುಗಳು. "ನೀನು ಚೂರು ಹೊತ್ತು ಕಾಯಪ್ಪ."

ವ್ಯಾಪಾರಿಯ ಪಕ್ಕದ ಮುದುಕಿ ಬಾಯಿಗೆ ಅಂಗಿಯ ತೋಳು ಅಡ್ಡ ಹಿಡಿದು ನಕ್ಕಳು.

ಪರದೆಯ ಹಿಂದಿನಿಂದ ಮೇಫೆನ್ ಬಂದಳು. ತಲೆ ತಗ್ಗಿಸಿದ್ದಳು. ನೋವಿನಿಂದ ಹಣೆ ಬೆವತಿತ್ತು. ರೆನ್ ಷು ಕಷಾಯವನ್ನು ಬಟ್ಟಲಿಗೆ ಬಗ್ಗಿಸಿ ಎರಡೂ ಕೈಯಿಂದ ಕೊಟ್ಟ. ಹಿರಿಯರಿಗೆ ಕೊಡುವಾಗ ಹಾಗೆ ಕೊಡುವುದು ಅವರ ಪದ್ಧತಿ.

ಅವಳು ಮರದ ಕಡೆ ನೋಡಿದಳು, ಹಗ್ಗದ ಕಡೆ ನೋಡಿದಳು. ಆಮೇಲೆ ಬಟ್ಟಲನ್ನು ಪೂರ್ತಿ ಕುಡಿದಳು. ಅದರ ಮೇಲೆ ಒಂದು ಬಟ್ಟಲು ನೀರನ್ನೂ ತಾನಾಗಿ ಕೇಳಿ ಕುಡಿದಳು. ಹಾಡುಹಗಲಿನಲ್ಲಿ ಅವಳು ನೀರು ಕುಡಿಯುವುದನ್ನು ನೋಡಿ ರೆನ್ ಷುವಿನ ಕಣ್ಣು ತುಂಬಿತು.

ಅವನು ನೀರಿಗಿಳಿದ. "ಗುರುಗಳೇ, ಹಗ್ಗ ನನಗೆ ಕೊಡಿ."

ಗುರುಗಳು ಕೊಟ್ಟರು. ಅವರ ಮುಂಗೈಯಲ್ಲಿ ಹಗ್ಗದ ಎರಡು ಕೆಂಪು ಬರೆ ಮೂಡಿದ್ದವು, ಗೊಂಬೆಗೆ ಕಟ್ಟುವ ದಾರದ ಹಾಗೆ.

ಅಂದಿನಿಂದ ರೆನ್ ಷು ದಿನವೂ ದಡಕ್ಕೆ ಹೋದ. ಬೆಳಿಗ್ಗೆ ಒಮ್ಮೆ, ನಡುಹಗಲಲ್ಲಿ ಒಮ್ಮೆ, ಹೊತ್ತಿಳಿಯುವಾಗ ಒಮ್ಮೆ. ವೈದ್ಯರು ದೋಣಿಗೆ ಆಳಾದರು ಎಂದು ಜನ ಆಡಿಕೊಂಡರು. ನಾಲ್ಕು ದಿನ ಆಡಿಕೊಂಡು ಸುಮ್ಮನಾದರು.

ಐದನೆಯ ದಿನ ಮೇಫೆನ್‌ಳ ಜ್ವರ ಇಳಿಯಿತು. ಸೊಂಟದ ನೋವು ಹೋಯಿತು. ತಿಂಗಳಾಗುವಷ್ಟರಲ್ಲಿ ಉರಿಯೂ ನಿಂತಿತು. ಹುಟ್ಟು ಹಾಕುತ್ತ ಅವಳು ಸಣ್ಣಗೆ ಹಾಡಿಕೊಳ್ಳುವುದು ಕೇಳಿ ದೋಣಿಯ ಜನ ಬೆರಗಾದರು. ಅವಳಿಗೆ ಹಾಡು ಬರುತ್ತದೆ ಎಂದೇ ಯಾರಿಗೂ ತಿಳಿದಿರಲಿಲ್ಲ.

ಇತ್ತ ವೈದ್ಯರ ಮನೆಯಲ್ಲಿ ಪರದೆಯಿಲ್ಲದೆ ಹೆಂಗಸರು ಮೊದಮೊದಲು ಬಾಗಿಲಲ್ಲೇ ಅನುಮಾನಿಸಿ ನಿಂತರು. ಆಮೇಲೆ ಒಬ್ಬಳು ಬಂದು ಕೂತಳು. ಅವಳನ್ನು ನೋಡಿ ಇನ್ನೊಬ್ಬಳು. ರೆನ್ ಷು ನಾಡಿ ಹಿಡಿಯುವ ಮೊದಲು, "ಬೆಳಿಗ್ಗೆಯಿಂದ ಏನೇನು ಮಾಡಿದಿರಿ ತಾಯಿ?" ಎಂದು ಕೇಳುತ್ತಿದ್ದ. ಉತ್ತರ ಕೆಲವು ಸಲ ಊಟದ ಹೊತ್ತು ಮೀರಿಸುತ್ತಿತ್ತು.

ಒಂದು ಸಂಜೆ ಅವನು ಖುಷಿಯಿಂದ ಗುರುಗಳ ಬಳಿ ಬಂದ.

"ಗುರುಗಳೇ, ಮೇಫೆನ್ ನಾಡಿ ಇವತ್ತು ಶಾಂತವಾಗಿದೆ. ನಾಲಿಗೆಯಲ್ಲಿ ಪಸೆ ಬಂದಿದೆ. ರೋಗ ಪೂರ್ತಿ ಹೋಯಿತು."

"ಒಳ್ಳೇದಾಯಿತು. ಒಳ್ಳೇದಾಯಿತು," ಎಂದರು ಗುರುಗಳು. ಅವರ ಮುಖವೆಲ್ಲ ನಗುವಾಯಿತು.

"ಔಷಧಿ ನಿಲ್ಲಿಸಿದೆ. ಇನ್ನು ನಾಳೆಯಿಂದ ನಾನು ಹಗ್ಗ ಹಿಡಿಯೋಕೆ ಹೋಗಬೇಕಾಗಿಲ್ಲ ಅಲ್ಲವೇ?"

ಗುರುಗಳು ತುಂಬಿದ ಹೂಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ನಿಧಾನವಾಗಿ, ಅವನ ಬಟ್ಟಲಿಗೆ ಚಹಾ ಬಗ್ಗಿಸಿದರು.

"ನಾಳೆ ಅವಳಿಗೆ ಬಾಯಾರೋದಿಲ್ಲವೇನಪ್ಪ?"