ಬಾನೆಟ್ ಮೇಲಿನ ಲೋಟ

ಹೂಂಗುಟ್ಟುವವರು ಒಬ್ಬರಾದರೂ ಇದ್ದರೆ ಕತೆ ಓಡುತ್ತದೆ. ಇಲ್ಲದಿದ್ದರೆ ಗವಿರಂಗನ ಕಾರಿನ ಹಾಗೆ ಅಂಗಳದಲ್ಲೇ ನಿಂತುಬಿಡುತ್ತದೆ. ಹೂಂ ಅಂದಿರಾ? ಸರಿ, ಕೇಳಿ.

ಒಂದೂರಲ್ಲಿ ಕಾಟಮ್ಮ ಅಂತ ಒಬ್ಬಳು. ಅವಳಿಗೆ ಇಬ್ಬರು ಮಕ್ಕಳು. ಮಗಳು ನಾಗವೇಣಿ ಜಾಣೆ, ಹನ್ನೆರಡು ಮೈಲಿ ಆಚೆ ಮದುವೆ ಮಾಡಿ ಕೊಟ್ಟಿದ್ದರು. ಮಗ ಗವಿರಂಗ. ಅವನಿಗೆ ಇಪ್ಪತ್ತೈದು ತುಂಬಿತ್ತು, ಮೀಸೆ ತುಂಬಿತ್ತು, ತಲೆಯೊಂದು ತುಂಬಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ, ಅದೇ ತೊಂದರೆ. "ಹಾಲು ಉಕ್ಕೋದು ನೋಡ್ತಿರ್ಲಾ" ಅಂದರೆ ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾಗುವವರೆಗೂ ಕಣ್ಣು ಮಿಟುಕಿಸದೆ ನೋಡುವವನು. "ಉಕ್ತು ಕಣವ್ವ, ಚೆನ್ನಾಗಿ ನೋಡ್ದೆ!" ಅನ್ನುವವನು. ಕಾಟಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ಇಡುತ್ತಿದ್ದ ಜಾಗವೇ ತಗ್ಗಾಗಿತ್ತು.

ಅವಳ ಗಂಡನಿಗೆ ಕಾರಿನ ಹುಚ್ಚು. ಸಾಯುವ ಮುಂಚೆ ಒಂದು ಕಾರು ಕಟ್ಟಿದ್ದ. ಮೈ ಒಂದು ಕಾರಿನದು, ಇಂಜಿನ್ ವ್ಯಾನಿನದು, ಸೀಟು ಬಸ್ಸಿನದು, ಕಾರ್ಬೊರೇಟರ್ ಗುಜರಿಯದು. "ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರೋದು ಇದ್ರಲ್ಲೇ" ಅಂತ ಊರಿಗೆಲ್ಲ ಸಾರಿದ್ದ. ಸಾರಿದವನು ಹೋದ. ಕಾರು ಎರಡು ಸಲ ಕೆಮ್ಮಿ ಅಂಗಳದಲ್ಲಿ ನಿಂತುಹೋಯಿತು. ಈಗ ನಾಗವೇಣಿಗೆ ಏಳು ತಿಂಗಳು, ಶುಕ್ರವಾರ ಕರೆತರಬೇಕು. ಗಂಡನ ಅದೊಂದು ಮಾತು ನಡೆದುಬಿಡಲಿ ಅನ್ನುವುದೊಂದೇ ಕಾಟಮ್ಮನ ಆಸೆ.

ಆ ಇಂಜಿನ್ನಿನ ಹೊಟ್ಟೆನೋವು ಗೊತ್ತಿದ್ದದ್ದು ಮೇಸ್ತ್ರಿ ಪ್ಯಾರೂ ಸಾಬರೊಬ್ಬರಿಗೆ. ಅವರೋ ಸೊಂಟ ಹಿಡಿದು ಮಂಚದ ಮೇಲೆ ಬೋರಲು ಬಿದ್ದಿದ್ದರು.

"ಹೋಗಪ್ಪ, ಸಾಬಣ್ಣನ್ನ ಕೇಳ್ಕೊಂಡು ಬಂದು ನೀನೇ ಮಾಡು. ಅವ್ರು ಹೇಳ್ದಂಗೇ ಮಾಡು. ನಿನ್ ಬುದ್ಧಿ ಮಾತ್ರ ಓಡಿಸ್ಬೇಡ!" ಅಂದಳು ಕಾಟಮ್ಮ.

"ಓಡ್ಸಲ್ಲ ಕಣವ್ವ!" ಅಂದ ಗವಿರಂಗ. ಓಡಿಸಲಿಲ್ಲ ಕೂಡ.

ಸಾಬರು ದಿಂಬಿನಿಂದ ಮುಖ ಎತ್ತಿ ಹೇಳಿದರು, "ಮೊದ್ಲು ಡೆಲ್ಕೋ ಬೇಟಾ. ಹೊತ್ತು ನೋಡ್ಕೊಂಡು ಕಿಡಿ ಹಂಚೋ ಡಬ್ಬಿ ಅದು. ಯಾವ ಕಡೆ ಮುಖ ಮಾಡಿ ಕೂತದೆ ಅಂತ ನೋಡಿ ಬಂದು ನಂಗೆ ತೋರ್ಸು."

ಹೋದ. ನೋಡಿದ. ತೋರಿಸಬೇಕಲ್ಲ! ಬೋಲ್ಟು ಬಿಚ್ಚಿದ, ವೈರು ಕಿತ್ತ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದು ಸಾಬರ ದಿಂಬಿನ ಮೇಲೆ ಇಟ್ಟ. "ನೋಡಿ ಸಾಬ್ರೆ, ಈಗ ನಿಮ್ ಕಡೆ ಮುಖ ಮಾಡದೆ!"

"ಯಾ ಅಲ್ಲಾ! ಕಿತ್ಕೊಂಡೇ ಬಂದ್ಯಾ! ಅದು ಹೆಂಗಿತ್ತು ಅಂತ ಇನ್ ಯಾರ್ಗೆ ಗೊತ್ತು? ಕೇಳು ಇಲ್ಲಿ. ಯಾವುದನ್ನೇ ಎಬ್ಸೋ ಮುಂಚೆ ಸುತ್ತಲೂ ಸೀಮೆಸುಣ್ಣದ ಗುರುತು ಹಾಕ್ಬೇಕು. ವಾಪಸ್ ಕೂರ್ಸೋವಾಗ ಆ ಗುರುತಿಗೇ ಕೂರಿಸ್ಬೇಕು. ಕೂದಲೆಳೆ ಆಚೀಚೆ ಆಗ್ಬಾರ್ದು!"

"ಹಂಗೇ ಮಾಡ್ತೀನಿ ಸಾಬ್ರೆ!"

ಡಬ್ಬಿಯ ಜೊತೆ ಸಾಬರ ಒಂದು ತುಂಡು ಸೀಮೆಸುಣ್ಣವನ್ನೂ ತೆಗೆದುಕೊಂಡು ಮನೆಗೆ ಬಂದರೆ ಬೀಗರು ಬಂದು ಕೂತಿದ್ದಾರೆ. ನಾಗವೇಣಿಯ ಮಾವ ಮೂಡಲಗಿರಿಯಪ್ಪ. ದೊಡ್ಡ ಪೇಟ, ಸಣ್ಣ ಸಿಟ್ಟು. ಸಣ್ಣದೇ, ಆದರೆ ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು. ಶುಕ್ರವಾರದ ಏರ್ಪಾಟು ಕೇಳಲು ಬಂದಿದ್ದರು.

"ಬಂದ್ಯೇನ್ಲಾ? ಮಾವನ್ನ ಎಬ್ಬಿಸ್ಕೊಂಡು ಹೋಗಿ ಕೈಕಾಲಿಗೆ ನೀರು ಕೊಡು" ಅಂದಳು ಕಾಟಮ್ಮ ಒಳಗಿನಿಂದ.

ಎಬ್ಬಿಸುವ ಮುಂಚೆ? ಗುರುತು! ಗವಿರಂಗ ಜೇಬಿನಿಂದ ಸೀಮೆಸುಣ್ಣ ತೆಗೆದ. ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಸುತ್ತು, ಬೀಗರ ಎರಡು ಪಾದಕ್ಕೆ ಎರಡು ಸುತ್ತು, ಹಿಂದೆ ಗೋಡೆಯ ಮೇಲೆ ಪೇಟಕ್ಕೊಂದು ದೊಡ್ಡ ಸುತ್ತು. ಬೀಗರು ಕೈಕಾಲು ತೊಳೆದು ಬಂದು ಕೂತರೆ ಇವನು ಬಿಡಬೇಕಲ್ಲ! "ಎಡಗಾಲು ಇನ್ನೊಂಚೂರು ಒಳಕ್ಕೆ ಮಾವ. ಹಾಂ. ಪೇಟ ಮೇಲೆ ಹೋಯ್ತು, ಕುಗ್ಗಿ, ಕುಗ್ಗಿ! ಕೂದಲೆಳೆ ಆಚೀಚೆ ಆಗ್ಬಾರ್ದು!"

"ಏನವ್ವಾ ಬೀಗ್ತಿ ಇದು!" ಅಂದರು ಮೂಡಲಗಿರಿಯಪ್ಪ, ಕುಗ್ಗಿಕೊಂಡೇ.

ಕಾಟಮ್ಮ ಓಡಿಬಂದಳು. "ಅಯ್ಯೋ ನನ್ ಕರ್ಮವೇ! ಗುರುತು ಹಾಕೋದು ಕಾರಿಗೆ ಕಣ್ಲಾ, ಬೀಗರಿಗಲ್ಲ! ಹೋಗು, ಸಾಬಣ್ಣನ್ನ ಮುಂದೇನು ಅಂತ ಕೇಳ್ಕೊಂಡು ಬಾ!"

ಹೋದ. ಸಾಬರು ಹೇಳಿದರು, "ಡೆಲ್ಕೋನ ಗೇರಿನ ಹಲ್ಲಿಗೆ ಕೂರ್ಸಿ ಸ್ಟಾರ್ಟ್ ಮಾಡು. ಆಗ್ಲಿಲ್ವಾ, ಒಂದು ಹಲ್ಲು ಸರ್ಸು. ಆಗೋವರೆಗೂ ಸರಿಸ್ತಾ ಹೋಗು. ಆಮೇಲೆ ಕಟಕಟ ಅಂತ ಸದ್ದು ಬಂದ್ರೆ ಕಿಡಿ ಅವಸರ ಮಾಡ್ತದೆ ಅಂತ ಅರ್ಥ. ಹಿಂದಕ್ಕೆ ತಿರುಗ್ಸು. ಒಂದೊಂದೇ ನೂಲು, ದಾರದೆಳೆಯಷ್ಟೇ, ನಿಧಾನ. ಕಟಕಟ ನಿಲ್ಲೋವರೆಗೂ ಬಿಡ್ಬೇಡ!"

"ಬಿಡಲ್ಲ ಸಾಬ್ರೆ!"

ಮನೆಗೆ ಬಂದ. ಬೀಗರನ್ನು ಸಮಾಧಾನ ಮಾಡಲು ಕಾಟಮ್ಮ ಒಂದು ತಟ್ಟೆ ನಿಪ್ಪಟ್ಟು ಕೊಟ್ಟಿದ್ದಳು. ಬೀಗರು ಸಮಾಧಾನವಾಗಿ ಅಗಿಯುತ್ತಿದ್ದರು. ಕಟ, ಕಟ, ಕಟ.

ಗವಿರಂಗ ಕಿವಿ ನಿಮಿರಿಸಿದ. ಕಟಕಟ! ಅವಸರ! ಹಿಂದಕ್ಕೆ ತಿರುಗಿಸಬೇಕು! ಬೀಗರ ಕುರ್ಚಿಯನ್ನು ಎರಡು ಕೈಯಲ್ಲಿ ಹಿಡಿದು ಒಂದು ನೂಲು ತಿರುಗಿಸಿದ. ಕಟ, ಕಟ. ಇನ್ನೊಂದು ನೂಲು. ಕಟ. ಇನ್ನೊಂದು. ಬೀಗರಿಗೆ ಮೊದಲು ಕಾಟಮ್ಮ ಕಂಡಳು, ಆಮೇಲೆ ಬಾಗಿಲು ಕಂಡಿತು, ಆಮೇಲೆ ಮೂಲೆಯ ಪೊರಕೆ ಕಂಡಿತು, ಕೊನೆಗೆ ಬರೀ ಗೋಡೆ. ಗೋಡೆಯ ಮೇಲೆ ತಮ್ಮದೇ ಪೇಟದ ಗುರುತು ಕಂಡು ಅವರ ಬಾಯಿ ತೆರೆದದ್ದು ಹಾಗೇ ನಿಂತಿತು.

"ನಿಂತೋಯ್ತು ಕಣವ್ವ! ಗೋಡೆ ಕಡೆ ತಿರುಗ್ಸಿದ್ರೆ ಮಾವನ ಟೈಮಿಂಗು ಸರಿಬರ್ತದೆ!"

ಮೂಡಲಗಿರಿಯಪ್ಪ ಎದ್ದರು. ತಟ್ಟೆ ಒಂದು ಕಡೆ, ಪೇಟ ಇನ್ನೊಂದು ಕಡೆ. "ನೋಡವ್ವಾ, ಇವನು ಕಾರು ಓಡಿಸೋದು, ಅದರಲ್ಲಿ ತುಂಬಿದ ಬಸುರಿ ಕೂರೋದು! ಶುಕ್ರವಾರ ಕಾರು ನನ್ ಬಾಗಿಲಿಗೆ ಬರ್ಲಿ. ಇಂಜಿನ್ ಓಡ್ತಿರೋವಾಗ್ಲೇ ಅದರ ಮೂತಿ ಮೇಲೆ ಒಂದು ಲೋಟ ತುಂಬ ನೀರಿಡ್ತೀನಿ. ಒಂದೇ ಒಂದು ಹನಿ ಚೆಲ್ಲಿದ್ರೂ ನನ್ ಸೊಸೆ ವಾಪಸ್ಸು! ಬಾಣಂತನ ನಮ್ಮನೇಲೇ!"

ಹೇಳಿ ಹೊರಟೇ ಹೋದರು. ಕಾಟಮ್ಮ ಮಗನತ್ತ ತಿರುಗಿದಳು. "ಬೀಗರು ಡೆಲ್ಕೋ ಅಲ್ಲಪ್ಪ, ಇಂಜಿನ್ನೂ ಅಲ್ಲಪ್ಪ! ಓಡು, ನೀರು ಅಲುಗದ ಹಂಗೆ ಮಾಡೋದು ಹೆಂಗೆ ಅಂತ ಕೇಳ್ಕೊಂಡು ಬಾ!"

ಓಡಿದ. ಸಾಬರು ಹೇಳಿದರು, "ಅದು ಐಡ್ಲಿಂಗ್ ಕೆಲ್ಸ. ಕಾರು ನಿಂತಲ್ಲೇ ಉಸಿರಾಡೋದು. ಹಿಂದ್ಗಡೆ ಹೊಗೆ ನೋಡು. ಕಪ್ಪಗಿದ್ರೆ ಪೆಟ್ರೋಲು ಜಾಸ್ತಿ ತಿಂತದೆ ಅಂತ. ಕಮ್ಮಿ ಮಾಡು. ಹೊಗೆ ಕಾಣ್ದಂಗೆ ಆಗೋವರೆಗೂ ಕಮ್ಮಿ ಮಾಡು!"

ಬಂದ. ಅಂಗಳಕ್ಕೆ ಕಾಲಿಡುತ್ತಿದ್ದ ಹಾಗೇ ಹೊಗೆ ಕಂಡಿತು, ಕಪ್ಪಗೆ. ಅಡಿಗೆಮನೆಯ ಕಿಂಡಿಯಿಂದ! ಜಾಸ್ತಿ ತಿನ್ನುತ್ತಿದೆ! ಒಳಗೆ ನುಗ್ಗಿ ಒಲೆಯಿಂದ ಒಂದು ಸೌದೆ ಎಳೆದ. ಇನ್ನೂ ಹೊಗೆ. ಇನ್ನೊಂದು ಎಳೆದ. ಎಲ್ಲವನ್ನೂ ಎಳೆದು, ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದ. ಹೊಗೆ ನಿಂತಿತು. ಮುದ್ದೆಗೆ ಇಟ್ಟ ಎಸರೂ ನಿಂತಿತು.

ಕಾಟಮ್ಮ ಬೈಯಲಿಲ್ಲ. ಅದೇ ನೋಡಿ ಮೊದಲ ಸಲ. ತಣ್ಣಗಾದ ಒಲೆಯ ಮುಂದೆ ಕೂತು ಸೆರಗು ಕಣ್ಣಿಗೆ ಒತ್ತಿಕೊಂಡಳು. "ನಿಮ್ಮಪ್ಪನ ಮಾತು ಮಣ್ಣುಪಾಲಾಯ್ತಲ್ಲೋ ಮಗ. ನನ್ ಮಗಳು ತವರಿಗೆ ಬರಂಗಿಲ್ಲ ಇನ್ನ."

ಗವಿರಂಗನಿಗೆ ಬೈದರೆ ಗೊತ್ತಾಗುತ್ತಿತ್ತು, ಹೊಡೆದರೆ ಗೊತ್ತಾಗುತ್ತಿತ್ತು. ಅವ್ವ ಅತ್ತರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ. ಆಮೇಲೆ ಎದ್ದು ಸಾಬರ ಹತ್ತಿರ ಓಡಿದ. "ಸಾಬ್ರೆ, ಅವ್ವ ಅಳ್ತಾ ಕೂತವ್ಳೆ. ಯಾವುದನ್ನ ತಿರುಗಿಸ್ಬೇಕು ಹೇಳಿ!"

ಸಾಬರು ನಗಲಿಲ್ಲ. ಮಂಚದ ಕೆಳಗಿಂದ ತಮ್ಮ ಉದ್ದದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗೆ ಇಟ್ಟರು. ಅದನ್ನು ಅವರು ಯಾರಿಗೂ ಕೊಟ್ಟವರಲ್ಲ. "ಬೇಟಾ, ಇದರ ತುದಿ ಇಂಜಿನ್ ಮೇಲೆ, ಹಿಡಿ ನಿನ್ ಕಿವಿಗೆ. ಒಳಗಿನ ಬಡಿತ ಕೇಳಿಸ್ತದೆ. ಡೆಲ್ಕೋ ಒಂದು ನೂಲು ತಿರುಗ್ಸು, ಕೇಳು. ಕಾರ್ಬೊರೇಟರ್ ತಿರುಪು ಕಾಲು ಸುತ್ತು ತಿರುಗ್ಸು, ಕೇಳು. ನಾಲ್ಕು ಬಡಿತವೂ ಸಮ ಬರೋವರೆಗೂ ಕಿವಿ ತೆಗೀಬೇಡ. ಇನ್ನೊಂದು ಮಾತು. ನಾನು ಹೇಳಿದ್ದನ್ನ ಇಂಜಿನ್ನಿಗೆ ಬಿಟ್ಟು ಬೇರೆ ಯಾರ್ಗೂ ಮಾಡ್ಬೇಡ!"

ಬುದ್ಧಿವಂತರಾಗಿದ್ದರೆ ಒಂದು ಗಂಟೆ ಕೇಳಿ, "ಸಾಕು, ಇಷ್ಟಿದ್ದರೆ ನಡೆಯುತ್ತೆ" ಅಂತ ಕೈ ಒರೆಸಿಕೊಂಡು ಏಳುತ್ತಿದ್ದರು. ನಾನೂ ಏಳುತ್ತಿದ್ದೆ, ನೀವೂ ಏಳುತ್ತಿದ್ದಿರಿ. ಗವಿರಂಗ ಏಳಲಿಲ್ಲ. ಕಿವಿ ತೆಗೆಯಬೇಡ ಅಂದಿದ್ದಾರಲ್ಲ! ಹಲ್ಲಿಗೆ ಹಲ್ಲು ಸರಿಸಿ ಸ್ಟಾರ್ಟ್ ಮಾಡಿದ. ಒಂದು ನೂಲು ತಿರುಗಿಸಿದ, ಕೇಳಿದ. ಕಾಲು ಸುತ್ತು ತಿರುಗಿಸಿದ, ಕೇಳಿದ. ಬುಧವಾರ ಪೂರ್ತಿ ಕೇಳಿದ. ಇಂಜಿನ್ ಕಾದಾಗ ಆರಿಸಿದ, ಆದರೂ ಕಿವಿ ತೆಗೆಯಲಿಲ್ಲ. ಕಾಟಮ್ಮ ಬಾನೆಟ್ಟಿನ ಕೆಳಗೆ ತಲೆ ಹಾಕಿ ತುತ್ತು ಇಟ್ಟರೆ ಬಾಯಿ ತೆರೆದ, ನುಂಗಿದ, ಕೇಳಿದ.

ಗುರುವಾರ ಮಧ್ಯಾಹ್ನ ಕಾಟಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಅಂಗಳದಿಂದ ಒಂದು ಸದ್ದು ಬರುತ್ತಿತ್ತು. ಸಣ್ಣಗೆ, ಸಮವಾಗಿ, ಹೊಟ್ಟೆ ತುಂಬಿ ಮಲಗಿದ ಬೆಕ್ಕಿನ ಗುರುಗುರು. ಗಂಡ ಇದ್ದಾಗ ಬೆಳಗ್ಗೆ ಅವಳಿಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ. ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಅವ್ವ, ಸಮ ಬಂತು. ಕಿವಿ ತೆಗೀಲಾ?"

"ತೆಗಿಯೋ ನನ್ನಪ್ಪ."

ಶುಕ್ರವಾರ ಬೆಳಗ್ಗೆ ಕಾಟಮ್ಮ ಮಡಿಲಕ್ಕಿ ಕಟ್ಟಿಕೊಟ್ಟು ಹೇಳಿದಳು, "ಅಪ್ಪಾ, ಇವತ್ತು ಬೀಗರು ಹೇಳಿದ್ದು ಬಿಟ್ಟು ಇನ್ನೇನೂ ಮಾಡ್ಬೇಡ. ಮನೆ ಸೇರೋವರೆಗೂ ಅವರ ಮಾತು ನೆನಪಿರ್ಲಿ!" ಓಡಿಸುವುದು ಅವನಿಗೆ ಬರುತ್ತಿತ್ತು. ಚಿಕ್ಕವನಿದ್ದಾಗ ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು.

ಒಂಬತ್ತು ಗಂಟೆಗೆ ಕಾರು ಬೀಗರ ಬಾಗಿಲಲ್ಲಿ ನಿಂತು ಗುರುಗುರು ಅನ್ನುತ್ತಿತ್ತು. ಮೂಡಲಗಿರಿಯಪ್ಪ ಲೋಟದ ಅಂಚಿನವರೆಗೂ ನೀರು ತುಂಬಿ ಬಾನೆಟ್ ಮೇಲೆ ಇಟ್ಟರು. ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ನೀರಿನಲ್ಲಿ ಅವರ ಪೇಟ ಸ್ವಲ್ಪವೂ ನಡುಗದೆ ಕಂಡಿತು. "ಹತ್ತವ್ವಾ" ಅಂದರು ಸೊಸೆಗೆ. ಅನುಮಾನ ಹೋಗದೆ ತಾವೂ ಜೊತೆಗೆ ಹೊರಟರು.

ಹತ್ತಕ್ಕೆ ಬರಬೇಕಾಗಿದ್ದ ಕಾರು ಹತ್ತಕ್ಕೆ ಬರಲಿಲ್ಲ. ಹನ್ನೆರಡಕ್ಕೆ ಬರಲಿಲ್ಲ. ಕಾಟಮ್ಮ ಆರತಿ ತಟ್ಟೆ ಹಿಡಿದು ಒಳಗೆ ಹೊರಗೆ, ಒಳಗೆ ಹೊರಗೆ. ಮೂರಾಯಿತು. ನಾಲ್ಕಾಯಿತು. ಗುಂಡಿಗೆ ಬಿತ್ತೋ, ಮರಕ್ಕೆ ಗುದ್ದಿತೋ, ದೇವರೇ!

ಹೊತ್ತು ಇಳಿಯುವಾಗ ಗುರುಗುರು ಕೇಳಿಸಿತು. ಆಮೇಲೆ ತುಂಬಾ ಹೊತ್ತಿಗೆ ಕಾರು ಕಾಣಿಸಿತು. ಪಕ್ಕದಲ್ಲಿ ಮೂಡಲಗಿರಿಯಪ್ಪ ಕೊಡೆ ಹಿಡಿದು ನಡೆದುಕೊಂಡು ಬರುತ್ತಿದ್ದರು. ನಡೆದರೇ ಬೇಗ! ಕಾರಿನ ಮೂತಿಯ ಮೇಲೆ ಒಂದು ಬಟ್ಟೆ ಸಿಂಬಿ. ಸಿಂಬಿಯ ಮೇಲೆ ಲೋಟ. ಲೋಟದ ತುಂಬ ನೀರು.

"ಅಯ್ಯೋ ಪೆದ್ದೇ! ಆ ಲೋಟನ ಅಲ್ಲೇ ಇಳಿಸ್ಬಾರ್ದೇನ್ಲಾ! ಹನ್ನೆರಡು ಮೈಲಿಗೆ ಒಂದು ಹಗಲು ಬೇಕೇನ್ಲಾ!"

"ಒಂದು ಹನಿ ಚೆಲ್ಲಿದ್ರೂ ಅಕ್ಕ ವಾಪಸ್ಸು ಅಂದಿದ್ರಲ್ಲವ್ವ. ಮನೆ ಸೇರೋವರೆಗೂ ಮರೀಬೇಡ ಅಂತ ನೀನೇ ಅಂದೆ!"

ನಾಗವೇಣಿ ಕಣ್ಣುಜ್ಜಿಕೊಂಡು ಇಳಿದಳು. "ಬೈಬೇಡವ್ವ. ಒಂದು ಕಡೆಯೂ ಕುಲುಕಿಲ್ಲ. ನಾನು ತೊಟ್ಟಿಲಲ್ಲಿ ಮಲಗ್ದಂಗೆ ಮಲಗಿದ್ದೆ. ದಾರೀಲಿ ಬಾಯಾರಿಕೆ ಆಯ್ತು ಅಂದೆ, ಆ ಲೋಟನೇ ತಂದುಕೊಟ್ಟ. ಮಾವ ಕೂಗಾಡಿದ್ರೆ, 'ಚೆಲ್ಬಾರ್ದು ಅಂದ್ರಿ ಮಾವ, ಕುಡೀಬಾರ್ದು ಅನ್ನಲಿಲ್ಲವಲ್ಲ' ಅಂದ. ಆಮೇಲೆ ಬೋರ್‌ವೆಲ್ಲಲ್ಲಿ ಮತ್ತೆ ತುಂಬಿಸ್ದ."

ಮೂಡಲಗಿರಿಯಪ್ಪ ಕೊಡೆ ಮಡಚಿದರು. ಹಗಲೆಲ್ಲ ಒಂದು ಹನಿಗಾಗಿ ಕಾದು ಸೋತಿದ್ದರು. "ನನ್ ಮಗನೂ ಇವಳನ್ನ ಇಷ್ಟು ಜೋಪಾನವಾಗಿ ಕರ್ಕೊಂಡು ಓಡಾಡಿಲ್ಲ ಕಣವ್ವ" ಅಂದರು, ನಿಜ ಹೇಳಬೇಕಾಗಿ ಬಂದವರ ದನಿಯಲ್ಲಿ.

ಕಾಟಮ್ಮ ಬೈಗುಳ ಬಿಟ್ಟು ಆರತಿಯ ದೀಪ ಹಚ್ಚಿದಳು. "ಸರಿಯಪ್ಪ, ಕಾರನ್ನ ತಂದಂಗೇ ಅಕ್ಕನ್ನೂ ಒಳಕ್ಕೆ ಕರ್ಕೊಂಡು ಬಾ" ಅಂದಳು.

ಅಂದದ್ದೇ ತಡ, ಗವಿರಂಗ ಸಿಂಬಿ ತೆಗೆದು ಅಕ್ಕನ ತಲೆಯ ಮೇಲಿಟ್ಟ. ಸಿಂಬಿಯ ಮೇಲೆ ಲೋಟ ಇಟ್ಟ. ನಾಗವೇಣಿ ಎರಡು ಹೆಜ್ಜೆ ಬಿಗಿಹಿಡಿದು ನಡೆದಳು. ಹೊಸಲಿನ ಹತ್ತಿರ ನಗು ತಡೆಯಲಾಗದೆ ಹೋ ಅಂತ ನಕ್ಕಳು. ಲೋಟದ ನೀರೆಲ್ಲ ಹೊಸಲಿನ ಮೇಲೆ!

ಎಲ್ಲರೂ ನಕ್ಕರು. ಗವಿರಂಗ ನಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಹೋಗಿ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದ. "ಬಾ ಅಕ್ಕ. ಚೆಲ್ತು. ವಾಪಸ್ಸು."

ಕಾಟಮ್ಮ ಬೀಗರ ಮುಖ ನೋಡಿದಳು. ಮೂಡಲಗಿರಿಯಪ್ಪ ಪೇಟ ಎಗರಿಹೋಗುವ ಹಾಗೆ ಓಡಿ ಕಾರಿಗೆ ಅಡ್ಡ ನಿಂತರು. "ಇಲ್ಲಪ್ಪಾ, ಇಲ್ಲ! ಅದು ಚೆಲ್ಲಿದ್ದಲ್ಲ ಕಣೋ! ತವರಿಗೆ ಬಂದ ಹೆಣ್ಣುಮಗಳ ಕಾಲಿಗೆ ಹಾಕಿದ ನೀರು! ಆರ್ಸೋ ಮಾರಾಯ!"

"ಹಂಗಾ ಮಾವ?"

"ಹಂಗೇ ಕಣಪ್ಪ!"

ಇಂಜಿನ್ ಆರಿಸಿದ. ಇಳಿದು ಬಂದ. ಕಾಟಮ್ಮ ಆರತಿ ಎತ್ತಿ, "ಹೊಸಲು ದಾಟು ಮಗಳೇ" ಅಂದಳು. ಅಷ್ಟರಲ್ಲಿ ಗವಿರಂಗ, "ತಡಿಯವ್ವ, ತಡಿ!" ಅಂತ ಮಂಡಿಯೂರಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಅಕ್ಕನ ಎರಡೂ ಪಾದದ ಸುತ್ತ ಗೆರೆ ಎಳೆಯತೊಡಗಿದ.

"ಇದೇನ್ಲಾ ಮತ್ತೆ!"

"ಬಾಣಂತನ ಮುಗಿಸ್ಕೊಂಡು ಹೊರಟುಹೋಗ್ತಾಳಲ್ಲವ್ವ. ಮುಂದಿನ ಸಲ ತಂದಾಗ ಇಲ್ಲಿಗೇ ಕೂರಿಸ್ಬೇಕು, ಕೂದಲೆಳೆ ಆಚೀಚೆ ಆಗ್ಬಾರ್ದು!"